ಮನೆಯಲ್ಲೇ ಮಣಿ ರಿಂಗ್: ತಂತಿ ಕತ್ತರಿಸುವಲ್ಲಿಂದ ಕಿವಿಗೆ ಏರಿಸುವವರೆಗೆ

ಕಾಸರಗೋಡು ಪೇಟೆಯ ಫ್ಯಾನ್ಸಿ ಅಂಗಡಿಗೆ ಹೋಗಿ ಮೊದಲ ಸಲ 'ಮಣಿ ಇದೆಯೇ' ಎಂದು ಕೇಳಿದಾಗ ಅಲ್ಲಿದ್ದ ಹುಡುಗ ಗಿಲಿಗಿಲಿ ಎನ್ನುವ ಗೆಜ್ಜೆಯ ಡಬ್ಬವನ್ನು ಮುಂದಿಟ್ಟ. ತಪ್ಪು ಅವನದಲ್ಲ. ಮಲಯಾಳದಲ್ಲಿ ಮಣಿ ಎಂದರೆ ಗಂಟೆಯೂ ಹೌದು. ನಮಗೆ ಬೇಕಾದದ್ದಕ್ಕೆ ಅಲ್ಲಿ 'ಮುತ್ತು' ಎನ್ನಬೇಕು. ಗಾಜು, ಮರ, ಪ್ಲಾಸ್ಟಿಕ್, ಏನೇ ಇರಲಿ, ನಡುವೆ ತೂತಿದ್ದರೆ ಅದು ಮುತ್ತು. ಕನ್ನಡದ ಮುತ್ತು ಬೇಕಿದ್ದವರು ಇನ್ನೂ ಒಂದು ಮಾತು ಸೇರಿಸಿ ಹೇಳಬೇಕಾಗುತ್ತದೆ. ಸಪ್ತಭಾಷೆಯ ನೆಲದಲ್ಲಿ ಕರಕುಶಲದ ಸಾಮಾನು ಕೊಳ್ಳುವುದೆಂದರೆ ಅರ್ಧ ಕೆಲಸ ನಾಲಗೆಯದ್ದು.

ಆದರೆ ಮಣಿ ಹೇಗೂ ಸಿಗುತ್ತದೆ. ಮನೆಯಲ್ಲಿ ಮಾಡಿದ ರಿಂಗ್ ಕೆಡುವುದು ಮಣಿಯಿಂದಲ್ಲ, ತಂತಿಯಿಂದ. ನಾನು ಮಾಡಿದ ಮೊದಲ ಐದು ಜೊತೆಗಳಲ್ಲಿ ನಾಲ್ಕು ಇವತ್ತಿಗೂ ಬಿಸ್ಕತ್ತಿನ ಡಬ್ಬದಲ್ಲಿವೆ. ಒಂದರ ತಂತಿ ಕಿವಿಯ ತೂತಿಗೆ ದಪ್ಪವಾಯಿತು, ಒಂದು ಕೈ ತಾಗಿದರೆ ಸಾಕು ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಒಂದು ಕಿವಿಯನ್ನು ಹಸಿರು ಮಾಡಿತು. ನಾಲ್ಕನೆಯದರ ಕಥೆ ಮುಂದೆ ಬರುತ್ತದೆ. ಹಾಗಾಗಿ ಈ ಬರಹ ಬಣ್ಣಬಣ್ಣದ ಮಣಿಗಳಿಂದ ಶುರುವಾಗುವುದಿಲ್ಲ.

ತಂತಿಯ ದಪ್ಪ

ಕಿವಿಯ ತೂತಿನಲ್ಲಿ ಹಾದುಹೋಗುವ ತಂತಿ ಸುಮಾರು 0.8 ಮಿಲಿಮೀಟರ್ ಇರಲಿ. 1 ಮಿ.ಮೀ. ಆದರೆ ಹಲವರಿಗೆ ಬಿಗಿಯಾಗುತ್ತದೆ. 0.6ಕ್ಕೆ ಇಳಿದರೆ ದೊಡ್ಡ ರಿಂಗ್ ಆಕಾರ ನಿಲ್ಲಿಸಿಕೊಳ್ಳುವುದಿಲ್ಲ, ಭಾರ ಬಿದ್ದಾಗ ಕಿವಿಯ ಹಾಲೆಯನ್ನು ಕೊಯ್ದಂತೆಯೂ ಆಗುತ್ತದೆ. ಮಣಿಗಳನ್ನು ಸುತ್ತಿ ಕಟ್ಟುವುದಕ್ಕೆ ಬೇರೆಯೇ ತಂತಿ ಬೇಕು, 0.3 ಮಿ.ಮೀ.ನದ್ದು. ಅದು ನೂಲಿನಂತೆ ಬಾಗುತ್ತದೆ.

ಅಂಗಡಿಯಲ್ಲಿ ತಂತಿಯನ್ನು ಗೇಜ್ ಲೆಕ್ಕದಲ್ಲಿ ಕೊಡುತ್ತಾರೆ. ನಂಬರು ಏರಿದಷ್ಟೂ ತಂತಿ ತೆಳು. ಇಲ್ಲೊಂದು ಎಡವಟ್ಟಿದೆ. ಅಂತರಜಾಲದ ಪಾಠಗಳಲ್ಲಿ ಹೇಳುವ ಗೇಜ್ ಹೆಚ್ಚಾಗಿ ಅಮೆರಿಕದ್ದು. ಅದರಲ್ಲಿ 20 ನಂಬರಿನ ತಂತಿ 0.81 ಮಿ.ಮೀ. ನಮ್ಮ ಕಡೆ ಈಗಲೂ ಓಡುವುದು ಬ್ರಿಟಿಷರ ಎಸ್‌ಡಬ್ಲ್ಯೂಜಿ. ಅದರಲ್ಲಿ 20 ಎಂದರೆ 0.91, ನಮಗೆ ಬೇಕಾದ 0.81 ಬರುವುದು 21 ನಂಬರಿನಲ್ಲಿ. ಹೇಳುವಾಗ ಒಂದು ಕೂದಲೆಳೆಯ ವ್ಯತ್ಯಾಸ, ಕಿವಿಗೆ ಹಾಕುವಾಗ ಕಣ್ಣಲ್ಲಿ ನೀರು. ಮಿಲಿಮೀಟರಿನಲ್ಲೇ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ತಂತಿಯನ್ನು ಪೆನ್ಸಿಲಿಗೆ ಒತ್ತೊತ್ತಾಗಿ ಹತ್ತು ಸುತ್ತು ಸುತ್ತಿ, ಆ ಹತ್ತು ಸುತ್ತುಗಳ ಅಗಲವನ್ನು ಶಾಲೆಯ ಸ್ಕೇಲಿನಲ್ಲಿ ಅಳೆಯಿರಿ. 8 ಮಿ.ಮೀ. ಬಂದರೆ ತಂತಿ 0.8. ಇದಕ್ಕಿಂತ ಸುಲಭದ ಅಳತೆ ನನಗೆ ಗೊತ್ತಿಲ್ಲ.

ಕಲಿಕೆಗೆ ತಂತಿ ಬೇಕಿದ್ದರೆ ಪೇಟೆಗೆ ಹೋಗಬೇಕಾಗಿಯೂ ಇಲ್ಲ. ಅಡಿಕೆ ತೋಟವಿದ್ದಲ್ಲಿ ಪಂಪು ಇದೆ, ಪಂಪು ಇದ್ದಲ್ಲಿ ಮೋಟಾರು ವೈಂಡಿಂಗ್ ಮಾಡುವವರು ಇದ್ದೇ ಇರುತ್ತಾರೆ. ಅವರ ಬಳಿ ತಾಮ್ರದ ತಂತಿಯ ತುಂಡುಗಳೂ ಇರುತ್ತವೆ, ದಪ್ಪ ನೋಡುವ ಸಾಧನವೂ ಇರುತ್ತದೆ. ಕೇಳಿದರೆ ಒಂದು ಮುಷ್ಟಿ ತುಂಡು ಕೊಡುತ್ತಾರೆ. ಆ ತಂತಿಯ ಮೇಲೆ ಎನಾಮಲ್ ಲೇಪ ಇರುತ್ತದೆ. ಬಾಗಿಸುವ, ಸುತ್ತುವ ಅಭ್ಯಾಸಕ್ಕೆ ಅದು ಚೆನ್ನ. ಆದರೆ ಅದನ್ನು ಕಿವಿಯ ತೂತಿಗೆ ಹಾಕಬೇಡಿ. ಲೇಪ ಹೋಗಲೆಂದು ಬೆಂಕಿಗೆ ಹಿಡಿಯಲೂ ಬೇಡಿ, ಆ ಹೊಗೆ ಒಳ್ಳೆಯದಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ಕಪ್ಪು ತಂತಿ ಸುಮ್ಮನೆ ಕೊಟ್ಟರೂ ಬೇಡ.

ಯಾವ ಲೋಹ

ತಾಮ್ರ ಮೆದು, ಅಗ್ಗ, ಕಲಿಯುವವರ ಲೋಹ. ಆದರೆ ನಮ್ಮದು ಬೆವರಿನ ಊರು, ಸಮುದ್ರದ ಗಾಳಿಯ ಊರು. ಬೆವರು ತಾಗಿದ ತಾಮ್ರ ಚರ್ಮಕ್ಕೆ ಹಸಿರು ಬಣ್ಣ ಹಚ್ಚುತ್ತದೆ. ತೊಳೆದರೆ ಹೋಗುತ್ತದೆ, ಆದರೆ ಮದುವೆ ಮನೆಯಲ್ಲಿ ತೊಳೆಯಲು ಎಲ್ಲಿ ಹೋಗುತ್ತೀರಿ? ಹಿತ್ತಾಳೆ ತಾಮ್ರಕ್ಕಿಂತ ಗಟ್ಟಿ. ನೋಡಲು ಬಂಗಾರದ ಹತ್ತಿರ ಬರುತ್ತದೆ. ಆದರೆ ಅದರಲ್ಲೂ ಹೆಚ್ಚಿನ ಪಾಲು ತಾಮ್ರವೇ.

'ಜರ್ಮನ್ ಸಿಲ್ವರ್' ಎನ್ನುವ ಹೆಸರಿಗೆ ಮರುಳಾಗಬೇಡಿ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ ಮಿಶ್ರಲೋಹ ಅದು. ಅಗ್ಗದ ಓಲೆ ಹಾಕಿದರೆ ಕಿವಿ ತುರಿಸಿ ನೀರೊಸರುವುದಕ್ಕೆ ಬಹುಪಾಲು ಸಲ ಕಾರಣ ನಿಕ್ಕಲ್. ಯುರೋಪಿನಲ್ಲಿ ಚುಚ್ಚಿದ ಕಿವಿಗೆ ಹಾಕುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದೆಂಬ ಕಾನೂನೇ ಇದೆ. 'ಸಿಲ್ವರ್ ಕಲರ್' ಎಂದು ಮಾರುವ ತಂತಿಯ ಒಳಗೇನಿದೆ ಎಂದು ತಿಳಿಯಲು ಮೊದಲು ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ, ಒಂದು ಮಳೆಗಾಲಕ್ಕೆ ಅದು ತುಕ್ಕು. ಅಂಟದಿದ್ದರೆ ಹೆಚ್ಚಾಗಿ ತಾಮ್ರ. ಆಗಲೂ ನೋಡಬೇಕಾದ್ದು ಲೇಪ ಎಷ್ಟು ದಿನ ಬರುತ್ತದೆ ಎಂಬುದನ್ನು.

ನಾನು ಈಗ ಮಾಡುವುದು ಹೀಗೆ: ಕಿವಿಯೊಳಗೆ ಹೋಗುವ ತಂತಿ ನೂರಕ್ಕೆ 92.5 ಪಾಲಿನ ಬೆಳ್ಳಿ, ಉಳಿದ ತಂತಿ ತಾಮ್ರದ್ದೋ ಹಿತ್ತಾಳೆಯದ್ದೋ. ಊರಿನ ಆಚಾರ್ಯರಲ್ಲಿ, ಅಂದರೆ ಅಕ್ಕಸಾಲಿಗರಲ್ಲಿ, ಕೇಳಿದರೆ ಕಂಬಚ್ಚಿನಲ್ಲಿ ಎಳೆದು ಬೇಕಾದ ದಪ್ಪದ ಬೆಳ್ಳಿ ತಂತಿ ಮಾಡಿಕೊಡುತ್ತಾರೆ. ಉಕ್ಕಿನ ತಟ್ಟೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲು ತೂತು, ಒಂದೊಂದರಲ್ಲೂ ತಂತಿಯನ್ನು ಎಳೆದು ತೆಳುವಾಗಿಸುವ ಆ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. 0.8 ಮಿ.ಮೀ. ದಪ್ಪದ, 30 ಸೆಂಟಿಮೀಟರ್ ಉದ್ದದ ಬೆಳ್ಳಿ ತಂತಿ ಒಂದೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೇ. ಪವನಿನ (ಎಂಟು ಗ್ರಾಂ) ಲೆಕ್ಕದಲ್ಲಿ ಬಂಗಾರ ಕೇಳಿ ಹೆದರಿದವರಿಗೆ ಇದು ದೊಡ್ಡ ಖರ್ಚಲ್ಲ. ಅದೂ ಬೇಡವೆಂದರೆ ಇನ್ನೊಂದು ದಾರಿ ಇದೆ. ರಿಂಗನ್ನು ಪೂರ್ತಿ ಹಿತ್ತಾಳೆಯಲ್ಲೇ ಮಾಡಿ, ಅದನ್ನು ಒಂದು ಬೆಳ್ಳಿಯ ಕೊಕ್ಕೆಗೆ ತೂಗುಹಾಕಿ. ಕಿವಿಗೆ ತಾಗುವುದು ಕೊಕ್ಕೆ ಮಾತ್ರ.

ಹೊಸದಾಗಿ ಚುಚ್ಚಿಸಿದ ಕಿವಿಗೆ ಮನೆಯಲ್ಲಿ ಮಾಡಿದ ಯಾವುದನ್ನೂ ಹಾಕಬೇಡಿ. ಗಾಯ ಪೂರ್ತಿ ಮಾಗಲಿ.

ಮಣಿ ಆರಿಸುವುದು

ಸಣ್ಣ ಗಾಜಿನ ಮಣಿಗಳಿಗೂ ನಂಬರಿದೆ, ಅದೂ ತಲೆಕೆಳಗು: 11 ನಂಬರಿನದು ಸುಮಾರು 2 ಮಿ.ಮೀ. ಅಗಲ, 8ರದ್ದು 3, 6ರದ್ದು 4. ರವಿಕೆಗೆ ಆರಿ ಕಸೂತಿ ಮಾಡುವವರಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಇವು ಪೊಟ್ಟಣದಲ್ಲಿ ಸಿಗುತ್ತವೆ, ಅತಿ ಸಣ್ಣದಕ್ಕೆ ಅಲ್ಲಿ ಶುಗರ್ ಬೀಡ್ಸ್ ಎನ್ನುತ್ತಾರೆ. ಅಗ್ಗದ ಪೊಟ್ಟಣದಲ್ಲಿ ಮಣಿಗಳು ಒಂದೇ ಗಾತ್ರ ಇರುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಸುರಿದು, ಚಪ್ಪಟೆಯಾದವನ್ನು, ತೂತು ಓರೆಯಾದವನ್ನು, ಅಂಚು ಒಡೆದವನ್ನು ಬೇರೆ ಮಾಡಿ. ಅಕ್ಕಿ ಆರಿಸಿದ ಕೈಗೆ ಇದು ಹೇಳಿಕೊಡಬೇಕಾದ ಕೆಲಸವಲ್ಲ. 0.8ರ ತಂತಿ ಮಣಿಯ ತೂತಿನಲ್ಲಿ ಹಿಡಿಸುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. 11 ನಂಬರಿನ ಎಷ್ಟೋ ಮಣಿಗಳಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಒಂದು ತುಂಡು ತಂತಿ ಸದಾ ನನ್ನ ಪರ್ಸಿನಲ್ಲಿರುತ್ತದೆ.

ತೂಕದ ಲೆಕ್ಕವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಗುಂಡು ಮಣಿಯ ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. 4 ಮಿ.ಮೀ. ಗಾಜಿನ ಮಣಿ 24 ಪೋಣಿಸಿದರೆ ಎರಡು ಗ್ರಾಮಿನ ಆಸುಪಾಸು. ಅಷ್ಟೇ ಜಾಗಕ್ಕೆ 8 ಮಿ.ಮೀ.ನ ಹನ್ನೆರಡು ಮಣಿ ಹಾಕಿದರೆ ಎಂಟು ಗ್ರಾಂ ಹತ್ತಿರ, ಅಂದರೆ ಒಂದು ಪವನು! ಒಂದೊಂದು ಕಿವಿಯಲ್ಲಿ ಒಂದೊಂದು ಪವನು ಹೊತ್ತು ದಿನವಿಡೀ ಓಡಾಡಲಾಗದು. ದೊಡ್ಡ ಮಣಿಯೇ ಬೇಕಿದ್ದರೆ ಮರದ್ದೋ ತೆಂಗಿನ ಗೆರಟೆಯದ್ದೋ ಹಾಕಿ, ಹಗುರ.

ನಮ್ಮ ಗುಡ್ಡದ ಬೇಲಿಗಳಲ್ಲಿ ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ತೂಗುತ್ತಿರುತ್ತದೆ. ಅಷ್ಟು ಚಂದದ ಮಣಿ ಬಳ್ಳಿಯಲ್ಲೇ ಸಿಗುವಾಗ ಪೋಣಿಸೋಣ ಅನ್ನಿಸುವುದು ಸಹಜ. ಬೇಡ. ಅದರೊಳಗೆ ಆಬ್ರಿನ್ ಎಂಬ ಕಟು ವಿಷವಿದೆ. ಗಟ್ಟಿ ಸಿಪ್ಪೆ ಇರುವವರೆಗೆ ಅದು ಒಳಗೇ ಇರುತ್ತದೆ, ತೂತು ಕೊರೆದರೆ ಹೊರಬರುವ ದಾರಿ ನಾವೇ ಮಾಡಿಕೊಟ್ಟಂತೆ. ಕೊರೆಯುವಾಗ ಏಳುವ ಪುಡಿಯೂ ಅಪಾಯ. ಚಿನ್ನ ತೂಗಲು ಅಕ್ಕಸಾಲಿಗರು ಅದನ್ನು ಬಳಸುತ್ತಿದ್ದರು, ಕಚ್ಚುತ್ತಿರಲಿಲ್ಲ. ಮಕ್ಕಳು ಕಚ್ಚುತ್ತಾರೆ.

ಉಪಕರಣ

ಮೂರು ಇಕ್ಕಳ ಸಾಕು. ದುಂಡು ಮೂತಿಯದು ಕುಣಿಕೆ ಮಾಡಲು, ಚಪ್ಪಟೆ ಮೂತಿಯದು ಹಿಡಿಯಲು, ಮೂರನೆಯದು ಕತ್ತರಿಸಲು. ಚಪ್ಪಟೆ ಮೂತಿಯ ಒಳಮೈ ನುಣುಪಾಗಿರಲಿ. ಮನೆಯ ರಿಪೇರಿ ಪೆಟ್ಟಿಗೆಯ ಇಕ್ಕಳದ ಹಲ್ಲು ಮೆದು ತಂತಿಯ ಮೇಲೆ ಮೊಸಳೆ ಕಚ್ಚಿದಂತೆ ಗುರುತು ಮಾಡುತ್ತದೆ. ಬೇರೆ ಇಲ್ಲದಿದ್ದರೆ ಅದರ ಮೂತಿಗೆ ಬಟ್ಟೆಯ ಪಟ್ಟಿ ಅಂಟಿಸಿ. ಜೊತೆಗೆ ಒಂದು ಸಣ್ಣ ಅರ, ನುಣುಪಾದ ಸ್ಯಾಂಡ್‌ಪೇಪರ್, ಸ್ಕೇಲು, ಮಾರ್ಕರ್ ಪೆನ್ನು. ದುಂಡಗೆ ಬಾಗಿಸಲು ಹಳೆಯ ಟಾರ್ಚಿನ ದಪ್ಪ ಸೆಲ್ಲು. ಅದರ ಅಡ್ಡಳತೆ ಸುಮಾರು 34 ಮಿ.ಮೀ. ತಂತಿಗೆ ಹಿಂದಕ್ಕೆ ಬಿಚ್ಚಿಕೊಳ್ಳುವ ಗುಣವಿರುವುದರಿಂದ ಕೈ ಬಿಟ್ಟಾಗ ರಿಂಗ್ ಅದಕ್ಕಿಂತ ದೊಡ್ಡದಾಗಿ 4 ಸೆಂ.ಮೀ. ಹತ್ತಿರ ಬರುತ್ತದೆ. ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದು ಲೋಹದ ಮೇಲೆ ನಿಂತಿದೆ. ಹಿತ್ತಾಳೆ ಹೆಚ್ಚು, ತಾಮ್ರ ಕಡಿಮೆ.

ಮೆಮೊರಿ ವೈರ್ ಎಂದು ಸುರುಳಿಯಾಗಿಯೇ ಬರುವ ತಂತಿಯೊಂದಿದೆ, ಗಟ್ಟಿ ಮಾಡಿದ ಉಕ್ಕು. ಅದನ್ನು ಈ ಸಣ್ಣ ಕತ್ತರಿಯಿಂದ ಕತ್ತರಿಸಿದರೆ ಬಾಯಿಯಲ್ಲಿ ಕಚ್ಚು ಬೀಳುತ್ತದೆ. ನನ್ನದರಲ್ಲಿ ಬಿದ್ದಿದೆ.

ಮೊದಲ ಜೊತೆ

4 ಸೆಂ.ಮೀ. ಅಡ್ಡಳತೆಯ ರಿಂಗಿನ ಸುತ್ತಳತೆ 12.6 ಸೆಂ.ಮೀ. ಕುಣಿಕೆಗೆ ಒಂದು, ಕೊಕ್ಕೆಗೆ ಒಂದು ಸೇರಿಸಿ, ಕೈ ತಪ್ಪಿಗೆಂದು ಸ್ವಲ್ಪ ಬಿಟ್ಟು, 15 ಸೆಂ.ಮೀ.ನ ಎರಡು ತುಂಡು ಬೇಕು.

1. ಕತ್ತರಿಸುವ ಮೊದಲು ತಂತಿಯನ್ನು ನೇರ ಮಾಡಿ. ಹತ್ತಿಬಟ್ಟೆಯ ನಡುವೆ ಹಿಡಿದು ಮೂರು ನಾಲ್ಕು ಸಲ ಬಿಗಿಯಾಗಿ ಎಳೆದರೆ ಸುರುಳಿ ಹೋಗುತ್ತದೆ. ತಂತಿಯೂ ತುಸು ಗಟ್ಟಿಯಾಗುತ್ತದೆ.

2. ಕತ್ತರಿಸುವಾಗ ತುಂಡಾಗಿ ಹಾರುವ ತುದಿಯ ಮೇಲೆ ಬೆರಳಿಟ್ಟುಕೊಳ್ಳಿ. ಕಣ್ಣಿಗೆ ಹಾರಿದರೆ ಆಟವಲ್ಲ. ಕತ್ತರಿಯ ಒಂದು ಬದಿ ತುದಿಯನ್ನು ಸಪಾಟಾಗಿ ಬಿಡುತ್ತದೆ, ಇನ್ನೊಂದು ಬದಿ ಚೂಪಾಗಿ ಹಿಂಡುತ್ತದೆ. ಸಪಾಟು ಬದಿ ನಿಮ್ಮ ತುಂಡಿನ ಕಡೆ ಇರಲಿ.

3. ಒಂದು ತುದಿಯಲ್ಲಿ ಕುಣಿಕೆ ಮಾಡಿ. ತುದಿಯಿಂದ ಒಂದು ಸೆಂಟಿಮೀಟರಿನಲ್ಲಿ ತಂತಿಯನ್ನು ಕಾಟಕೋನಕ್ಕೆ (90 ಡಿಗ್ರಿ) ಸ್ವಲ್ಪ ಕಡಿಮೆಯಾಗಿ ಬಾಗಿಸಿ, ಆಮೇಲೆ ದುಂಡು ಮೂತಿಯಲ್ಲಿ ತುದಿಯನ್ನು ಕಚ್ಚಿಸಿ ಎದುರು ದಿಕ್ಕಿಗೆ ಸುತ್ತುತ್ತಾ ತನ್ನಿ. ಈ ಮೊದಲ ಬಾಗು ಇಲ್ಲದಿದ್ದರೆ ಕುಣಿಕೆ ತಂತಿಯ ನಡುವೆ ನಿಲ್ಲದೆ ಒಂದು ಬದಿಗೆ ವಾಲುತ್ತದೆ. ದುಂಡು ಮೂತಿ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು ಇರುವುದರಿಂದ ಎಲ್ಲಿ ಕಚ್ಚಿಸಿದ್ದೀರಿ ಎಂದು ಅದರ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಳ್ಳಿ. ಎರಡನೆಯ ಕುಣಿಕೆಯೂ ಅದೇ ಅಳತೆಗೆ ಬರುತ್ತದೆ. ಒಳಗಿನ ತೂತು 2 ಮಿ.ಮೀ. ಇದ್ದರೆ ಸಾಕು.

4. ಈಗ ಕುಣಿಕೆಯನ್ನು ಸೆಲ್ಲಿನ ಮೈಗೆ ಮಲಗಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಳಿದ ತಂತಿಯನ್ನು ಸೆಲ್ಲಿನ ಸುತ್ತ ಎಳೆಯಿರಿ. ಎರಡು ತಂತಿಗಳನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೇ ಸುತ್ತಿದರೆ ಜೊತೆ ಸರಿಯಾಗಿ ಹೊಂದುತ್ತದೆ. ಬೇರೆ ಬೇರೆ ಸುತ್ತಿದ ಎರಡು ರಿಂಗ್‌ಗಳು ಅಣ್ಣತಮ್ಮಂದಿರಂತೆ ಕಾಣುತ್ತವೆಯೇ ಹೊರತು ಅವಳಿಗಳಂತಲ್ಲ.

5. ರಿಂಗನ್ನು ನಯವಾದ ಕಲ್ಲಿನ ಮೇಲೋ ಕಬ್ಬಿಣದ ತುಂಡಿನ ಮೇಲೋ ಇಟ್ಟು ಮರದ ತುಂಡಿನಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಮಗುಚಿ ಹಾಕಿ ಮತ್ತೆ ತಟ್ಟಿ. ಬಡಿತಕ್ಕೆ ಲೋಹ ಬಿಗಿಯಾಗುತ್ತದೆ. ಮೊಟ್ಟೆಯಾಕಾರದ ನನ್ನ ಹಳೆಯ ರಿಂಗಿಗೆ ಆಗಬೇಕಿದ್ದದ್ದು ಈ ಐದು ನಿಮಿಷದ ಕೆಲಸ. ಕಬ್ಬಿಣದ ಸುತ್ತಿಗೆಯಾದರೆ ತಂತಿ ಚಪ್ಪಟೆಯಾಗುತ್ತದೆ, ಚಪ್ಪಟೆ ತಂತಿ ಮಣಿಯ ತೂತಿಗೆ ಹೋಗುವುದಿಲ್ಲ. ಇದನ್ನು ಮಣಿ ಹಾಕುವ ಮೊದಲೇ ಮಾಡಬೇಕು ಎಂದು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಒಮ್ಮೆ ಮರೆತು ನಡುಮನೆ ತುಂಬ ಗಾಜು ಗುಡಿಸಿದ್ದೇನೆ.

6. ತೆರೆದ ತುದಿಯಿಂದ ಮಣಿ ಪೋಣಿಸಿ. ಸುಮಾರು 9.5 ಸೆಂ.ಮೀ. ತುಂಬಿಸಿ, ಕಿವಿಯಲ್ಲಿ ಕೂರಲು 3 ಸೆಂ.ಮೀ. ಖಾಲಿ ಬಿಡಿ. ಕೊಕ್ಕೆಯ ತುದಿ ಇದರ ಮೇಲೆ ಬೇರೆ. 4 ಮಿ.ಮೀ. ಗುಂಡು ಮಣಿಯಾದರೆ 23, 8 ನಂಬರಿನದಾದರೆ 45ರ ಆಸುಪಾಸು (ಅದರ ಅಗಲ 3 ಮಿ.ಮೀ. ಇದ್ದರೂ ತೂತಿನ ಉದ್ದಕ್ಕೆ ಎರಡರ ಆಸುಪಾಸು ಅಷ್ಟೇ). ಲೆಕ್ಕ ಬೆಸವಾಗಿರಲಿ, ಆಗ ಕೆಳಗೆ ನಟ್ಟನಡುವೆ ಒಂದು ಮಣಿ ನಿಲ್ಲುತ್ತದೆ. ನಡುವೆ ದೊಡ್ಡದು, ಎರಡೂ ಬದಿಗೆ ಸಣ್ಣದಾಗುತ್ತಾ ಹೋಗುವುದು ಹಳೆಯ ಜೋಡಣೆ, ಎಂದೂ ಕೆಡುವುದಿಲ್ಲ. ಹವಳದ ಬಣ್ಣ, ಎರಡು ಕರಿಮಣಿ, ಒಂದು ಹಿತ್ತಾಳೆ ಗುಂಡು ಎಂದು ಸಾಲು ಹಿಡಿದರೆ ನಮ್ಮ ಕಣ್ಣಿಗೆ ತುಂಬಾ ಒಗ್ಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ವೇಷ ಕಟ್ಟುವ ಚೌಕಿಯಲ್ಲಿ ಎದೆಕಟ್ಟು, ತೋಳುಕಟ್ಟುಗಳ ಮಣಿಸಾಮಾನು ನೋಡಿಯೇ ಬೆಳೆದವರಲ್ಲವೇ. ಹತ್ತಿರದಿಂದ ನೋಡಿದರೆ ಒರಟು, ದೂರದ ದೀಪದಲ್ಲಿ ನೋಡಿದರೆ ರತ್ನ. ಕಿವಿಯ ರಿಂಗನ್ನು ಜನ ಹತ್ತಿರದಿಂದ ನೋಡುತ್ತಾರೆ ಎಂಬುದೊಂದೇ ವ್ಯತ್ಯಾಸ.

7. ಹೀಗೇ ಬಿಟ್ಟರೆ ಮಣಿಗಳು ಜಾರಿ ಕಿವಿಯ ತೂತಿನವರೆಗೂ ಬರುತ್ತವೆ. ಕೊನೆಯ ಮಣಿಯ ಪಕ್ಕದಲ್ಲಿ 0.3ರ ತಂತಿಯನ್ನು ಐದಾರು ಸುತ್ತು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಇಕ್ಕಳದಿಂದ ಒತ್ತಿ ಮಲಗಿಸಿ. ತಡೆ ಆಯಿತು. ಮಣಿಗಳ ನಡುವೆ ಕೂದಲೆಳೆಯಷ್ಟು ಸಡಿಲವಿರಲಿ. ತೀರಾ ಬಿಗಿದರೆ ರಿಂಗ್ ತೆರೆಯುವಾಗ ಗಾಜಿನ ಅಂಚು ಸಿಡಿಯುತ್ತದೆ.

ಕೊಕ್ಕೆ ಮತ್ತು ತುದಿ

ಇಲ್ಲಿ ನಿಧಾನಿಸಬೇಕು. ಮನೆಯ ರಿಂಗೂ ಅಂಗಡಿಯ ರಿಂಗೂ ಬೇರೆಯಾಗುವುದು ಈ ಅರ್ಧ ಸೆಂಟಿಮೀಟರಿನಲ್ಲಿ.

ತೆರೆದ ತುದಿಯಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ. ತುದಿ ಕುಣಿಕೆಯನ್ನು ದಾಟಿ 5 ಮಿ.ಮೀ. ಮುಂದೆ ಚಾಚುವಷ್ಟು ಉಳಿಯಬೇಕು. ಬಾಗಿಸುವ ಮೊದಲೇ ಅರದಿಂದ ಉಜ್ಜಿ. ಒಂದೇ ದಿಕ್ಕಿಗೆ, ತಂತಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಾ. ಮೊದಲು ಅಡ್ಡಡ್ಡ ಉಜ್ಜಿ ಸಪಾಟು ಮಾಡಿ, ಆಮೇಲೆ ಅಂಚನ್ನು ಓರೆಯಾಗಿ ಉಜ್ಜಿ ಗುಂಡಗೆ ಮಾಡಿ, ಕೊನೆಗೆ ಸ್ಯಾಂಡ್‌ಪೇಪರ್. ಬೆರಳಿಗೆ ನುಣುಪಾಗಿದೆ ಎಂದು ಬಿಡಬೇಡಿ, ಬೆರಳಿನ ಚರ್ಮ ದಪ್ಪ. ಹಳೆಯ ನೈಲಾನ್ ಸೀರೆಯ ಸೆರಗಿನ ಮೇಲೆ ತುದಿಯನ್ನು ಎಳೆಯಿರಿ. ಒಂದು ಎಳೆ ಸಿಕ್ಕಿದರೂ ಮತ್ತೆ ಉಜ್ಜಿ. ಕಿವಿಯ ತೂತಿನ ಒಳಚರ್ಮ ಆ ಸೆರಗಿಗಿಂತ ನಾಜೂಕು.

ಆಮೇಲೆ ಕೊನೆಯ 5 ಮಿ.ಮೀ. ಅನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು ರಿಂಗಿನ ಹೊರಮುಖಕ್ಕೆ ಕಾಟಕೋನದಲ್ಲಿ ಎತ್ತಿ. ಒಮ್ಮೆಗೇ ಬಾಗಿಸಿ. ಸರಿಯಾಗಲಿಲ್ಲವೆಂದು ಅತ್ತ ಇತ್ತ ಮೂರು ಸಲ ಬಾಗಿಸಿದರೆ ಅಲ್ಲೇ ತುಂಡಾಗುತ್ತದೆ. ಕುಣಿಕೆಯನ್ನು ಸೆಲ್ಲಿನ ಮೇಲೆ ಮಲಗಿಸಿ ಸುತ್ತಿದ್ದರಿಂದ ಅದರ ತೂತು ಒಳಗಿನಿಂದ ಹೊರಕ್ಕೆ ಮುಖ ಮಾಡಿದೆ, ಎತ್ತಿದ ತುದಿ ಒಳಗಿನಿಂದ ಅದಕ್ಕೆ ಹೋಗಿ ನಿಲ್ಲುತ್ತದೆ.

ನಿಲ್ಲುವುದಕ್ಕೆ ತಂತಿಯಲ್ಲಿ ಸ್ವಲ್ಪ ಸೆಟೆತ ಬೇಕು. ಕೈ ಬಿಟ್ಟಾಗ ತುದಿ ತಾನಾಗಿ ಕುಣಿಕೆಯ ಕೆಳಗೆ ಬಂದು ಕೂರುತ್ತಿದ್ದರೆ, ಹಾಗೆಯೇ ತಾನಾಗಿ ಹೊರಗೂ ಬರುತ್ತದೆ. ರಿಂಗನ್ನು ತುಸು ಬಿಚ್ಚಿ, ತುದಿ ಕುಣಿಕೆಗಿಂತ ಎರಡು ಮೂರು ಮಿಲಿಮೀಟರ್ ಹೊರಗೆ ನಿಲ್ಲುವಂತೆ ಮಾಡಿ. ಆಗ ಅದನ್ನು ಒತ್ತಿ ಒಳಗೆ ತಂದು ಸಿಕ್ಕಿಸಬೇಕಾಗುತ್ತದೆ, ಸಿಕ್ಕಿದ ಮೇಲೆ ತಂತಿಯ ಸೆಟೆತವೇ ಅದನ್ನು ಒತ್ತಿ ಹಿಡಿಯುತ್ತದೆ. ಮುಚ್ಚಿ, ಮುಷ್ಟಿಯಲ್ಲಿಟ್ಟು ಕವಡೆ ಆಡಿದಂತೆ ಅಲ್ಲಾಡಿಸಿ ನೋಡಿ. ಬಿಚ್ಚಿಕೊಳ್ಳದಿದ್ದರೆ ಗೆದ್ದಿರಿ.

ನಾಲ್ಕನೆಯ ಜೊತೆಯ ಕಥೆ ಇಲ್ಲಿಗೆ ಸೇರಿದ್ದು. ಕೊಕ್ಕೆಯನ್ನು 5ರ ಬದಲು 10 ಮಿ.ಮೀ. ಬಿಟ್ಟಿದ್ದೆ, ಉದ್ದ ಇದ್ದಷ್ಟು ಗಟ್ಟಿ ಎಂದುಕೊಂಡು. ರಾತ್ರಿಯಿಡೀ ಬಯಲಾಟ ನೋಡಿ ಬೆಳಗಿನ ಜಾವ ತೂಕಡಿಸುತ್ತಾ ಪಕ್ಕದಲ್ಲಿದ್ದ ಅತ್ತಿಗೆಯ ಹೆಗಲಿಗೆ ಒರಗಿದೆ. ಏಳುವಾಗ ನನ್ನ ಕಿವಿ ಅವರ ರೇಷ್ಮೆ ಸೆರಗಿನಲ್ಲಿ. ಮಹಿಷಾಸುರನ ಪ್ರವೇಶಕ್ಕೆ ಎಲ್ಲರೂ ಎದ್ದು ಕೂತರೆ, ನಾವಿಬ್ಬರು ಮೊಬೈಲಿನ ಬೆಳಕಿನಲ್ಲಿ ಕೊಕ್ಕೆ ಬಿಡಿಸುತ್ತಿದ್ದೆವು.

ಎರಡನೆಯ ಬಗೆ: ಸುತ್ತಿ ಕಟ್ಟಿದ ಮಣಿ

ಮಣಿಯ ತೂತು 0.8ರ ತಂತಿಗೆ ಸಾಲದಿದ್ದರೆ, ಅಥವಾ ಮಣಿಗಳು ರಿಂಗಿನ ಹೊರ ಅಂಚಿನಲ್ಲಿ ಸಾಲಾಗಿ ಕೂರಬೇಕೆಂದಿದ್ದರೆ ಈ ಬಗೆ. ಮೇಲೆ ಹೇಳಿದಂತೆಯೇ ಕುಣಿಕೆ, ಸುತ್ತು, ತಟ್ಟುವುದು ಎಲ್ಲ ಮುಗಿಸಿದ ರಿಂಗ್ ಇರಲಿ. 0.3ರ ತಂತಿಯನ್ನು 70 ಸೆಂ.ಮೀ. ಕತ್ತರಿಸಿ. ಹೆಚ್ಚು ಅನ್ನಿಸುತ್ತದೆ, ಆದರೆ ಒಂದು ಸುತ್ತಿಗೇ ಮೂರೂವರೆ ಮಿ.ಮೀ. ಹೋಗುತ್ತದೆ. ಮೂವತ್ತೊಂದು ಮಣಿ, ಮಣಿಗೆ ಮೂರು ಸುತ್ತು ಎಂದರೆ ಸುತ್ತಿಗೇ 32 ಸೆಂ.ಮೀ. ಬೇಕು. ಮಣಿಯೊಳಗೆ ಹಾಯುವುದು, ಕೈಯಲ್ಲಿ ಹಿಡಿಯಲು ಬೇಕಾದ ತುದಿ ಸೇರಿಸಿಕೊಳ್ಳಿ. ನಡುವೆ ಮುಗಿದರೆ ಜೋಡಿಸಿದ್ದು ಕಾಣದೆ ಇರುವುದಿಲ್ಲ.

ಕುಣಿಕೆಯ ಪಕ್ಕ ಐದು ಸುತ್ತಿನಿಂದ ಶುರು ಮಾಡಿ. ಒಂದು ಮಣಿ ಪೋಣಿಸಿ, ಅದನ್ನು ರಿಂಗಿನ ಹೊರಮೈಗೆ ಒತ್ತಿ ಹಿಡಿದು ಮೂರು ಸುತ್ತು. ಮತ್ತೊಂದು ಮಣಿ, ಮೂರು ಸುತ್ತು. 8 ನಂಬರಿನ ಮಣಿ ಹೀಗೆ ಮೂರು ಮಿಲಿಮೀಟರಿಗೆ ಒಂದರಂತೆ ಕೂರುತ್ತದೆ. ತಂತಿಯನ್ನು ಎಳೆಯುವಾಗ ನೂಲಿನಂತೆ ಕುಣಿಕೆ ಬೀಳುತ್ತದೆ. ಅದನ್ನು ಹಾಗೇ ಎಳೆದರೆ ಮುರಿಗೆ ಬಿದ್ದು ಅಲ್ಲೇ ತುಂಡಾಗುತ್ತದೆ. ಕುಣಿಕೆ ಕಂಡ ಕೂಡಲೇ ನಿಲ್ಲಿಸಿ, ಬೆರಳಿನಿಂದ ಬಿಡಿಸಿ, ಆಮೇಲೆ ಎಳೆಯಿರಿ. ಸುತ್ತುಗಳು ಒಂದರ ಮೇಲೊಂದು ಏರಬಾರದು. ಏರಿದರೆ ಅಲ್ಲಿಂದಲೇ ಬಿಚ್ಚಿ ಹಾಕಿ, ಮುಂದೆ ಸರಿಯಾಗುತ್ತದೆ ಎಂದು ಸಾಗಬೇಡಿ. ಮುಗಿಸುವಾಗ ಐದು ಸುತ್ತು ಹಾಕಿ, ತುದಿಯನ್ನು ರಿಂಗಿನ ಒಳಬದಿಯಲ್ಲಿ ಕತ್ತರಿಸಿ ಒತ್ತಿ. ಹೊರಬದಿಯಲ್ಲಿ ಬಿಟ್ಟರೆ ಕೂದಲು ಸಿಕ್ಕುತ್ತದೆ.

ಎರಡನೆಯ ರಿಂಗನ್ನು ಎದುರು ದಿಕ್ಕಿಗೆ ಸುತ್ತಬೇಕೇ ಎಂದು ಕೆಲವರು ಕೇಳುತ್ತಾರೆ. ಬಲಕಿವಿ ಎಡಕಿವಿ ಕನ್ನಡಿಯ ಪ್ರತಿಬಿಂಬದಂತೆ ಕಾಣಬೇಕೆಂದಿದ್ದರೆ ಹೌದು. ನನಗೆ ಅಷ್ಟು ತಾಳ್ಮೆ ಇಲ್ಲ, ಯಾರೂ ಗಮನಿಸಿದ್ದೂ ಇಲ್ಲ.

ಮಳೆಗಾಲದಲ್ಲಿ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ, ತಾಮ್ರ ಕಪ್ಪಾಗದೆ ಇರುತ್ತದೆಯೇ? ರಿಂಗ್ ತೆಗೆದ ಕೂಡಲೇ ಒಣಬಟ್ಟೆಯಿಂದ ಬೆವರು ಒರೆಸಿ, ಗಾಳಿಯಾಡದ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಡಿ. ಚಪ್ಪಲಿ, ಔಷಧದ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಬಿಸಾಡದೆ ಅದರೊಳಗೆ ಹಾಕಿ. ಅದಿಲ್ಲದಿದ್ದರೆ ಒಂದು ತುಂಡು ಸೀಮೆಸುಣ್ಣ. ಬೆಳ್ಳಿಯ ರಿಂಗ್‌ಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಡಬೇಡಿ, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕಪ್ಪಾದ ತಾಮ್ರ, ಹಿತ್ತಾಳೆಗೆ ಹಿತ್ತಲಿನ ಬಿಂಬುಳಿಯೇ ಸಾಕು. ಹಣ್ಣನ್ನು ಹಿಚುಕಿ, ಚಿಟಿಕೆ ಉಪ್ಪು ಸೇರಿಸಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಹುಣಸೆಹಣ್ಣೂ ಆಗುತ್ತದೆ. ಆದರೆ ನಿಜವಾದ ಮುತ್ತು, ಹವಳ ಪೋಣಿಸಿದ ರಿಂಗಿಗೆ ಹುಳಿ ತಾಗಿಸಬೇಡಿ. ಎರಡೂ ಸುಣ್ಣದ ಜಾತಿಯವು, ಹುಳಿಗೆ ಕರಗಿ ಹೊಳಪು ಹೋಗುತ್ತದೆ. ಬಣ್ಣ ಬಳಿದ ಅಗ್ಗದ ಮಣಿಗೂ ಬೇಡ. ಗಾಜಿಗೆ ಏನೂ ಆಗದು.

ಮಣಿ ಒಡೆದರೆ ಮೊದಲ ಬಗೆಯ ರಿಂಗಿನಲ್ಲಿ ರಿಪೇರಿ ಸುಲಭ. ತಡೆಯ ಸುತ್ತನ್ನು ಬಿಚ್ಚಿ, ಕೊಕ್ಕೆಯನ್ನು ನೇರ ಮಾಡಿ, ಮಣಿ ಬದಲಿಸಿ, ಮತ್ತೆ ಬಾಗಿಸಿ. ತಂತಿ ಇದನ್ನು ಒಂದು ಸಲ ಸಹಿಸುತ್ತದೆ, ಎರಡನೆಯ ಸಲಕ್ಕೆ ಹೊಸ ತಂತಿ ಹಾಕುವುದೇ ಲೇಸು. ಸುತ್ತಿ ಕಟ್ಟಿದ ಬಗೆಯಲ್ಲಿ ನಡುವಿನ ಮಣಿ ಒಡೆದರೆ ಆ ಜಾಗಕ್ಕೆ ಪ್ರತ್ಯೇಕ ತುಂಡು ತಂತಿಯಿಂದ ಹೊಸ ಮಣಿಯನ್ನು ಕಟ್ಟಬಹುದು. ಬಣ್ಣ ಹೊಂದಬೇಕಾದರೆ ಅದೇ ಪೊಟ್ಟಣದ ಮಣಿ ಬೇಕು. ಹಾಗಾಗಿ ಪ್ರತಿ ಜೊತೆ ಮಾಡಿದಾಗಲೂ ಹತ್ತು ಮಣಿಗಳನ್ನು ಮಡಚಿದ ಕಾಗದದಲ್ಲಿ ಕಟ್ಟಿ, ಮೇಲೆ ತಿಂಗಳು ಬರೆದು ಆ ಬಿಸ್ಕತ್ತಿನ ಡಬ್ಬದಲ್ಲೇ ಹಾಕಿಡುತ್ತೇನೆ.